ಡಾಕ್ಟರಮ್ಮ ಹೇಳಿದ್ದು

ಕುಪ್ಪಸದ ಗಂಟು ಹಾಕಿಕೊಳ್ಳಲು ಚಲುವಮ್ಮನಿಗೆ ಆಗಲಿಲ್ಲ. ಎರಡು ಸಲ ಕಟ್ಟಿದಳು, ಎರಡು ಸಲವೂ ಜಾರಿತು. ಕೊನೆಗೆ ಸೆರಗನ್ನೇ ಬಿಗಿಯಾಗಿ ಹೊದ್ದುಕೊಂಡು ಮಂಚದ ಅಂಚಿಗೆ ಕೂತಳು. ಪರದೆಯಾಚೆ ಡಾಕ್ಟರಮ್ಮ ಕೈ ತೊಳೆಯುತ್ತಿದ್ದರು. ನೀರಿನ ಸದ್ದು ನಿಂತಿತು. ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಳ್ಳುತ್ತ ಅವರು ಬಂದು ಎದುರಿಗೆ ಸ್ಟೂಲು ಎಳೆದುಕೊಂಡರು.

"ಎಷ್ಟು ದಿವಸದಿಂದ ಇದೆ ಅಂದೆ?"

"ಯುಗಾದಿಗಿಂತ ಮುಂಚಿಂದ."

"ಮಗುವಿಗೆ ಹಾಲು ಕುಡಿಸುವಾಗ ಕೈಗೆ ಸಿಕ್ತು. ಅಲ್ವಾ?"

"ಊಂ. ಹಾಲು ಕಟ್ಕಂಡಿರ್ಬೇಕು ಅನ್ಕಂಡೆ."

ಈಗ ಕಾರ್ತಿಕ ಕಳೆಯುತ್ತ ಬಂದಿತ್ತು. ಡಾಕ್ಟರಮ್ಮ ಬೆರಳು ಮಡಿಸಿ ತಿಂಗಳು ಎಣಿಸಿದರು. ಬಯ್ಯುತ್ತಾರೆ ಎಂದು ಚಲುವಮ್ಮ ತಲೆ ತಗ್ಗಿಸಿದಳು. ಅವರು ಬಯ್ಯಲಿಲ್ಲ.

"ನೋಡಮ್ಮ, ಇದಕ್ಕೆ ಕ್ಯಾನ್ಸರ್ ಅಂತಾರೆ. ನೋವು ಕೊಡದೆ ಬೆಳೆಯೋ ಗೆಡ್ಡೆ. ಹಾಗೇ ಬಿಟ್ಟರೆ ಆರು ತಿಂಗಳು, ಬಹಳ ಅಂದರೆ ವರ್ಷ. ಆದರೆ ಕಂಕುಳಿಗೆ ಇನ್ನೂ ಹೋಗಿಲ್ಲ, ಒತ್ತಿ ನೋಡಿದೆ. ಒಂದು ಕಡೆ ಎದೆ ಪೂರ್ತಿ ತೆಗೆದುಬಿಡಬೇಕು. ತೆಗೆದರೆ ನೀನು ಉಳಿಯಬಹುದು. ಉಳಿದೋರನ್ನ ನಾನೇ ನೋಡಿದೀನಿ. ಉಳಿಯದೆ ಇದ್ದೋರೂ ಇದಾರೆ, ಸುಳ್ಳು ಹೇಳೋದಿಲ್ಲ. ತಿಂಗಳೊಳಗೆ ಬಂದುಬಿಡು. ನಿನ್ನ ಯಜಮಾನರು ಹೊರಗಿದ್ದಾರಲ್ಲ, ಕರಿ, ನಾನೇ ಹೇಳ್ತೀನಿ."

ಎದೆಯ ಮಾತನ್ನು ಗಂಡನ ಎದುರಿಗೆ ಇನ್ನೊಬ್ಬರು ಆಡುವುದನ್ನು ನೆನೆದೇ ಚಲುವಮ್ಮನಿಗೆ ಮೈ ಹಿಡಿಯಾಯಿತು. "ನಾನೇ ಏಳ್ತೀನಿ ಬುಡಿ," ಎಂದಳು.

ಮಾದಯ್ಯ ಮೈಸೂರಿನ ಆ ಆಸ್ಪತ್ರೆಯ ಅಂಗಳದ ಹೊಂಗೆಮರದ ಕೆಳಗೆ ನಿಂತಿದ್ದ. ಎರಡು ವರ್ಷದ ಸೋಮಿ ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳು ಬರುವುದನ್ನು ಕಂಡು ಅವನು ಎರಡು ಹೆಜ್ಜೆ ಮುಂದೆ ಬಂದ.

"ಏನಂದ್ರು?"

ಎಲ್ಲವನ್ನೂ ಮೊದಲಿನಿಂದ ಹೇಳಬೇಕೆಂದೇ ಅವಳು ಮೆಟ್ಟಿಲಿಳಿದು ಬಂದಿದ್ದಳು. ಆದರೆ ಬಾಯಿಗೆ ಮೊದಲು ಬಂದದ್ದು, "ಆರು ತಿಂಗಳಂತೆ."

ಮಾದಯ್ಯ ಮಗುವನ್ನು ಅವಚಿಕೊಂಡೇ ಮರದ ಬೇರಿನ ಮೇಲೆ ಕುಸಿದು ಕೂತ. ಇಪ್ಪತ್ತೆಂಟು ವರ್ಷದ ಗಟ್ಟಿ ಆಳು. ಕಬ್ಬಿನ ಹೊರೆ ಹೊತ್ತು ಗದ್ದೆಯ ಬದುವಿನ ಮೇಲೆ ಓಡುತ್ತಿದ್ದವನು ಹಾಗೆ ಕೂತದ್ದನ್ನು ಅವಳು ಎಂದೂ ನೋಡಿರಲಿಲ್ಲ. ಉಳಿದದ್ದನ್ನು ಆಮೇಲೆ ಹೇಳಿದರಾಯಿತು ಅಂದುಕೊಂಡಳು.

ರೈಲಿನಲ್ಲಿ ಹೇಳಬಹುದಿತ್ತು. ಯಲಿಯೂರು ದಾಟುವವರೆಗೂ ಇಬ್ಬರೂ ಎದುರುಬದುರು ಕೂತಿದ್ದರು, ಡಬ್ಬಿಯಲ್ಲಿ ಹೆಚ್ಚು ಜನವೂ ಇರಲಿಲ್ಲ. ಮಾದಯ್ಯ ಕಿಟಕಿಯ ಕಡೆ ಮುಖ ಮಾಡಿ ಆಗಾಗ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ, ಎಂಜಿನ್ನಿನ ಮಸಿ ಬಿತ್ತು ಅನ್ನುವವನ ಹಾಗೆ. ಚಲುವಮ್ಮ ತನ್ನ ಸೋದರತ್ತೆಯನ್ನು ನೆನೆಯುತ್ತಿದ್ದಳು. ಮದ್ದೂರಿನ ತವರುಮನೆಯ ಹಿಂದಿನ ಕೋಣೆಯಲ್ಲಿ ಆ ಅತ್ತೆ ಎದೆಹುಣ್ಣಾಗಿ ಮಲಗಿದ್ದಳು. ಚಿಕ್ಕ ಹುಡುಗಿಯಾಗಿದ್ದ ಚಲುವಮ್ಮನೇ ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು ಒಯ್ದು ಕೊಡುತ್ತಿದ್ದುದು. ಬಾಗಿಲು ತೆರೆಯುವ ಮೊದಲೇ ವಾಸನೆ ಬರುತ್ತಿತ್ತು. ಆ ಅತ್ತೆಗೂ ನಾಟಿ ವೈದ್ಯ ಕಡೇ ದಿನದವರೆಗೆ ವಾಸಿಯಾಗುತ್ತೆ ಎಂದೇ ಹೇಳುತ್ತಿದ್ದ. ವೈದ್ಯರು ಯಾರಿಗೆ ತಾನೇ ಉಳಿಯಬಹುದು ಅನ್ನುವುದಿಲ್ಲ? ಅದು ಅವರು ಎಲ್ಲರಿಗೂ ಹೇಳುವ ಮಾತು. ಆರು ತಿಂಗಳು ಅನ್ನುವುದೇ ನಿಜ. ಮಂಡ್ಯದಲ್ಲಿ ಇಳಿದು, ನಾಲೆಯ ಏರಿಯ ಮೇಲೆ ಗಾಡಿಯಲ್ಲಿ ತಮ್ಮೂರು ಕೊತ್ತತ್ತಿಗೆ ಬರುವ ಹೊತ್ತಿಗೆ ಅವಳೇ ಅದನ್ನು ನಂಬಿದ್ದಳು.

ಸಾಯುತ್ತೇನೆ ಎಂದು ಒಪ್ಪಿಕೊಂಡ ಮೇಲೆ ವಿಚಿತ್ರವಾಗಿ ಅವಳಿಗೆ ಕೈಕಾಲು ಬಂತು. ಎಂಟು ತಿಂಗಳು ಆ ಗೆಡ್ಡೆಯನ್ನು ಯಾರಿಗೂ ತೋರಿಸದೆ, ಸೋಮಿಗೆ ಒಂದೇ ಕಡೆ ಹಾಲು ಕುಡಿಸುತ್ತ, ರಾಗಿ ಬೀಸುವಾಗ ಕೈ ನೋಯುತ್ತೆ ಎಂದು ನೆಪ ಹೇಳುತ್ತ ಕಳೆದವಳು. ಈಗ ಮುಚ್ಚಿಡುವುದು ಏನೂ ಇರಲಿಲ್ಲ. ಮಾಡಬೇಕಾದದ್ದು ಮಾತ್ರ ಇತ್ತು. ತಾನು ಹೋದ ವರ್ಷದೊಳಗೆ ಮಾದಯ್ಯನಿಗೆ ಇನ್ನೊಂದು ಮದುವೆ ಮಾಡೇ ಮಾಡುತ್ತಾರೆ. ಬರುವವಳು ಎಂಥವಳೋ. ಸೋಮಿಯನ್ನು ಅವಳ ಕೈಗೆ ಹೇಗೆ ಬಿಡುವುದು? ಮೂರು ದಿನ ಅದನ್ನೇ ಯೋಚಿಸಿದಳು. ನಾಲ್ಕನೇ ದಿನ ಅತ್ತೆಯ ಎದುರಿಗೆ ಬಂದು ಕೂತಳು.

ಅತ್ತೆ ಚಿಕ್ಕಬೋರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬಾಯಿ ಬಿರುಸು, ಊರಲ್ಲಿ ಅವಳ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಸೊಸೆಯ ಸುದ್ದಿ ಕೇಳಿದಂದಿನಿಂದ ಬೆಳಿಗ್ಗೆ ನೀರಿನ ಕೊಡ ತಾನೇ ಎತ್ತಿಕೊಂಡು ಹೋಗುತ್ತಿದ್ದಳು.

"ಅತ್ತೆ, ನನ್ನ ತಂಗಿ ಮಲ್ಲೀನ ತರಾನ ಅಂತ ಅವ್ನಿ. ಸೋಮಿಗೆ ಚಿಕ್ಕವ್ವ. ಬ್ಯಾರೇಳು ಬರಾಕಿಂತ ಮೊದ್ಲು, ನಾನು ಕಣ್ಣಲ್ಲಿ ನೋಡೋವಾಗ್ಲೇ ಆಗೋಗ್ಲಿ."

ಚಿಕ್ಕಬೋರಮ್ಮನ ಕೈ ನಿಂತಿತು. "ಆ ಮಗೀನ ಕೇಳ್ದಾ?"

"ಕೇಳ್ತೀನಿ."

"ಕೇಳೋದು ಬ್ಯಾರೆ. ಇಲ್ಲ ಅನ್ನಕಾಗ್ದಂಗೆ ಕೇಳೋದು ಬ್ಯಾರೆ." ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ನಾನು ಈ ಮನೆಗೆ ಎರಡನೇಳಾಗಿ ಬಂದೋಳು ಕಣವ್ವ. ನಿಂಗೆ ಗೊತ್ತಿಲ್ಲ, ನೀ ಬರೋ ವೊತ್ಗೆ ದೊಡ್ಡೋಳು ಸತ್ತೋಗಿದ್ಲು. ಅವ್ಳು ಕೆಟ್ಟೋಳಲ್ಲ. ಒಂದಿನ ಕೈ ಎತ್ನಿಲ್ಲ. ಆದ್ರೂ ಅವ್ಳು ಇರಾಗಂಟ ಈ ಮನೇಲಿ ನಾನು ಒಂದು ಚೊಂಬು ಎತ್ತಿಡಬೇಕಾದ್ರೂ ಎಲ್ಲಿಡ್ಲಿ ಅಂತ ಅವ್ಳ ಮಕ ನೋಡ್ತಿದ್ದೆ."

"ನಾನೆಲ್ಲಿರ್ತೀನಿ ಅತ್ತೆ, ಅವ್ಳು ನನ್ನ ಮಕ ನೋಡಕೆ."

ಚಿಕ್ಕಬೋರಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಮಾದಯ್ಯ ಕೇಳಿದವನೇ ಎದ್ದು ಗದ್ದೆಗೆ ಹೋದ. ಮರುದಿನವೂ ಕತ್ತಲಾದ ಮೇಲೇ ಮನೆಗೆ ಬಂದ. ಅವಳು ಸೋಮಿಯನ್ನು ಅವನ ತೊಡೆಯ ಮೇಲೆ ಕೂರಿಸಿ ಹೋದಳು. ಮೂರನೆಯ ದಿನ, "ನಿನ್ನಿಷ್ಟ," ಅಂದ.

ಚಲುವಮ್ಮನ ತಂದೆ ಚಿಕ್ಕಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಮದ್ದೂರು ಸ್ಟೇಷನ್ನಿನಿಂದ ಶಿಂಷಾ ಸೇತುವೆಯ ಕಡೆಗೆ ಹೋಗುವ ದಾರಿಯಲ್ಲಿ ಹಳಿಯ ಪಕ್ಕದ ಸಾಲುಮನೆಗಳಲ್ಲಿ ಅವನದೊಂದು. ಹೆಂಡತಿ ತೀರಿಕೊಂಡಾಗ ಮಲ್ಲಿಗಮ್ಮನಿಗೆ ನಾಲ್ಕು ವರ್ಷ. ಚಲುವಮ್ಮನಿಗೆ ಹನ್ನೊಂದು. ತಂಗಿಗೆ ತಲೆ ತುರಿಕೆಯಾದಾಗ ಎಣ್ಣೆ ಹಚ್ಚಿದವಳು, ಜ್ವರ ಬಂದಾಗ ಎದೆಗವುಚಿಕೊಂಡು ಕೂತವಳು, ಹಟ ಹಿಡಿದು ಅವಳನ್ನು ಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದವಳು ಅವಳೇ. ತನಗೆ ಓದು ಬರದಿದ್ದರೂ ತಂಗಿ ಓದುವಾಗ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು. ಮಲ್ಲಿಗಮ್ಮ ಈಗ ಲೋವರ್ ಸೆಕೆಂಡರಿ ಪರೀಕ್ಷೆ ಪಾಸು ಮಾಡಿದ್ದಳು. ಆ ಸಾಲುಮನೆಗಳಲ್ಲಿ ಅಷ್ಟು ಓದಿದ ಹೆಣ್ಣು ಬೇರೆ ಇರಲಿಲ್ಲ.

ಚಲುವಮ್ಮ ಹೋದಾಗ ಮಲ್ಲಿ ಬಾಗಿಲಲ್ಲೇ ಇದ್ದಳು. ಅಕ್ಕನ ಕಾಯಿಲೆಯ ಸುದ್ದಿ ಅವಳಿಗೆ ಇನ್ನೂ ತಲುಪಿರಲಿಲ್ಲ. ಸೋಮಿಯನ್ನು ಎತ್ತಿಕೊಂಡು ಒಳಗೆ ಬರುವಷ್ಟರಲ್ಲೇ ಹೇಳಿದಳು. "ಅಕ್ಕಾ, ನಮ್ಮ ಮಿಸ್ಸು ಮೈಸೂರಿನ ಟ್ರೈನಿಂಗಿಗೆ ಅರ್ಜಿ ಬರೆಸವ್ರೆ. ಸಂಕ್ರಾಂತಿ ಆದ್ಮೇಲೆ ಓಗ್ಬೇಕು. ಒಂದು ವರ್ಸ. ಆಮೇಲೆ ಮೇಡಮ್ಮು." ಮೇಡಮ್ಮು ಅನ್ನುವಾಗ ತನಗೇ ನಗು ಬಂದು ಬಾಯಿಗೆ ಸೆರಗಿಟ್ಟುಕೊಂಡಳು.

ಚಲುವಮ್ಮನೂ ನಕ್ಕಳು. ಆ ನಗುವನ್ನು ನೆನೆದು ಅವಳು ಆಮೇಲೆ ಎಷ್ಟೋ ಸಲ ಮುಖ ಮುಚ್ಚಿಕೊಂಡಿದ್ದಾಳೆ. ಅಷ್ಟಕ್ಕೇ ಎದ್ದು ವಾಪಸು ಬಂದಿದ್ದರೆ ಆಗಿತ್ತು.

ಬರಲಿಲ್ಲ. ಊಟವಾದ ಮೇಲೆ ಅಪ್ಪನಿಗೆ ಹೇಳಿದಳು, ಗೆಡ್ಡೆಯನ್ನು ಮೈಸೂರಿನಲ್ಲಿ ಕುಯ್ಯಬೇಕೆಂದೂ, ಆರೇ ತಿಂಗಳೆಂದೂ, ಮಲ್ಲಿಯನ್ನು ಕೊಡಬೇಕೆಂದೂ. ಚಿಕ್ಕಣ್ಣ ಬೆಳಗಿನಿಂದ ಹಳಿಯ ಮೇಲೆ ಬಗ್ಗಿ ಕೆಲಸ ಮಾಡಿದವನು, ಸೊಂಟ ನೀವಿಕೊಳ್ಳುತ್ತ ಕೇಳಿದ. ಕಾಯಿಲೆಯ ಮಾತಿಗೆ ಅವನ ಕೈ ಸೊಂಟದ ಮೇಲೇ ನಿಂತಿತು. ಮಲ್ಲಿಯ ಮಾತಿಗೆ ಅವನು ತಲೆಯೆತ್ತಿದ.

"ಅವ್ಳು ಓದ್ತೀನಿ ಅಂತಾಳಲ್ಲ ಮಗಾ."

"ಓದ್ಲಿ ಅಂತ ಸೇರಿಸ್ದೋಳೇ ನಾನು ಕಣಪ್ಪ. ನಂಗೆ ಹೊಟ್ಟೆ ಉರಿಯಾಕಿಲ್ವಾ? ನನ್ನ ಕೂಸು ಯಾರ ಕಾಲ್ದೆಸೇಲಿ ಬಿದ್ದಿರ್ಬೇಕು, ಏಳು."

ಚಿಕ್ಕಣ್ಣ ಹಿರಿಮಗಳ ಮುಖವನ್ನೂ ನೋಡಲಾರದೆ ಕಿರಿಮಗಳ ಮುಖವನ್ನೂ ನೋಡಲಾರದೆ ಗೋಡೆಗೆ ಒರಗಿಸಿದ್ದ ಸುತ್ತಿಗೆಯನ್ನು ನೋಡುತ್ತ ಕೂತ. ಮಲ್ಲಿ ಒಲೆಯ ಹತ್ತಿರ ಪಾತ್ರೆ ಉಜ್ಜುತ್ತಿದ್ದಳು. ಉಜ್ಜುವುದನ್ನು ಅವಳು ನಿಲ್ಲಿಸಲಿಲ್ಲ. ಎಲ್ಲ ಪಾತ್ರೆ ತೊಳೆದು ಬೋರಲು ಹಾಕಿ, ಬೂದಿಗೈ ತೊಳೆದುಕೊಂಡು, ಅಕ್ಕನ ಎದುರಿಗೆ ಬಂದು ನಿಂತಳು.

"ಡಾಕ್ಟರಮ್ಮ ಅಂಗೇ ಅಂದ್ರಾ ಅಕ್ಕ? ಏನ್ ಮಾಡುದ್ರೂ ಉಳಿಯಾಕಿಲ್ಲ ಅಂತ?"

ಹದಿನಾರು ವರ್ಷದ ಹುಡುಗಿ. ಶಾಲೆಯಲ್ಲಿ ಲೆಕ್ಕ ಬಿಡಿಸಿ ಬಿಡಿಸಿ, ಸರಿಯಾದ ಪ್ರಶ್ನೆ ಯಾವುದೆಂದು ಗೊತ್ತಾಗುವ ಹುಡುಗಿ. ಚಲುವಮ್ಮನ ಕಿವಿಯಲ್ಲಿ ಡಾಕ್ಟರಮ್ಮನ ಮಾತು ಸ್ಪಷ್ಟವಾಗಿ ಕೇಳಿತು: ತೆಗೆದರೆ ನೀನು ಉಳಿಯಬಹುದು. ಸೋಮಿ ಅವಳ ಮಡಿಲಲ್ಲಿ ಕೂತು ಬಳೆ ತಿರುಗಿಸುತ್ತಿದ್ದಳು.

"ಊಂ," ಎಂದಳು.

"ಮತ್ತೆ ಕುಯ್ಯಾದು ಯಾಕೆ?"

"ನೋವು ಕಮ್ಮಿ ಆಗ್ಲಿ ಅಂತ."

ಮಲ್ಲಿ ತಲೆಯಾಡಿಸಿದಳು. ಸೋಮಿಯನ್ನು ಅಕ್ಕನ ಮಡಿಲಿನಿಂದ ಎತ್ತಿಕೊಂಡು ಹೊರಗೆ ಹೋದಳು. ಗೂಡ್ಸು ಗಾಡಿ ಬರುತ್ತಿತ್ತು. ಅದರ ಡಬ್ಬಿಗಳನ್ನು ಮಗುವಿಗೆ ಎಣಿಸಿ ತೋರಿಸುವುದು ಕೇಳುತ್ತಿತ್ತು. ಒಂದು, ಎರಡು, ಮೂರು ಎಂದು ಇಪ್ಪತ್ತೇಳರವರೆಗೆ ಎಣಿಸಿದಳು. ದನಿ ಎಲ್ಲೂ ಕೆಡಲಿಲ್ಲ.

ಹತ್ತು ದಿನದೊಳಗೆ ನರಸಿಂಹಸ್ವಾಮಿ ಗುಡಿಯಲ್ಲಿ ಮದುವೆಯಾಯಿತು. ಹತ್ತಿಪ್ಪತ್ತು ಜನ, ಓಲಗ ಇರಲಿಲ್ಲ. ಧಾರೆಗೆ ನಿಂತಾಗ ಮಾದಯ್ಯ ತಲೆಯೆತ್ತಲಿಲ್ಲ. ಚಲುವಮ್ಮನೇ ತಂಗಿಗೆ ಹೂ ಮುಡಿಸಿದಳು, ಚಲುವಮ್ಮನೇ ಸೋಮಿಯನ್ನು ಒಯ್ದು ಅವಳ ತೊಡೆಯ ಮೇಲೆ ಕೂರಿಸಿದಳು. ನೋಡಿದವರು ಕಣ್ಣೀರು ಹಾಕಿದರು. ಇಂಥ ತಾಯಿ ಉಂಟಾ ಎಂದರು. ಅವಳಿಗೆ ಆ ದಿನ ಒಂದು ಬಗೆಯ ತೃಪ್ತಿಯೇ ಇತ್ತು. ಎಲ್ಲವನ್ನೂ ಕಟ್ಟಿ ಇಟ್ಟು ಊರಿಗೆ ಹೊರಟವಳ ತೃಪ್ತಿ.

ಶಸ್ತ್ರಚಿಕಿತ್ಸೆಗೆ ಮೈಸೂರಿಗೆ ಹೋದಾಗ ಜೊತೆಗೆ ಬಂದು ಉಳಿದವಳು ಮಲ್ಲಿಯೇ. ಹದಿನೆಂಟು ದಿನ ಅಲ್ಲಿದ್ದರು. ವಾರ್ಡಿನಲ್ಲಿ ಇದ್ದವರಿಗೆಲ್ಲ ಮಲ್ಲಿ ಕಾಗದ ಬರೆದುಕೊಡುತ್ತಿದ್ದಳು, ಔಷಧಿಯ ಚೀಟಿ ಓದಿ ಹೇಳುತ್ತಿದ್ದಳು. ಆದರೆ ಬೆಳಿಗ್ಗೆ ಡಾಕ್ಟರಮ್ಮನ ಬೂಟಿನ ಸದ್ದು ಕೇಳಿದ ಕೂಡಲೇ ಚಲುವಮ್ಮ, "ಬಿಸಿನೀರು ತತ್ತಾರಮ್ಮಿ," ಎಂದು ಅವಳನ್ನು ಹೊರಗೆ ಕಳಿಸುತ್ತಿದ್ದಳು. ಒಂದು ದಿನ ಬಿಸಿನೀರು, ಒಂದು ದಿನ ಗಂಜಿ, ಒಂದು ದಿನ ಸುಮ್ಮನೆ ಹೊರಗೆ ಬಿಸಿಲಿದೆಯಾ ನೋಡಿ ಬಾ ಎಂದು. ಹನ್ನೆರಡನೆಯ ದಿನ ಡಾಕ್ಟರಮ್ಮ ಗಾಯ ನೋಡಿ, "ಚೆನ್ನಾಗಿ ಕೂಡ್ತಿದೆ. ನಾನು ಅಂದುಕೊಂಡ ಹಾಗೇ ಕಂಕುಳು ಶುದ್ಧವಾಗಿತ್ತು. ಮೊಮ್ಮಕ್ಕಳನ್ನ ನೋಡ್ತೀಯ," ಎಂದು ಕೆನ್ನೆ ತಟ್ಟಿ ಹೋದರು. ಚಲುವಮ್ಮ ಬಾಗಿಲ ಕಡೆ ನೋಡಿದಳು. ಮಲ್ಲಿ ಎರಡು ಕೈಯಲ್ಲೂ ಚೊಂಬು ಹಿಡಿದುಕೊಂಡು, ತುಳುಕದ ಹಾಗೆ ನಿಧಾನವಾಗಿ ನಡೆದು ಬರುತ್ತಿದ್ದಳು.

ಆರು ತಿಂಗಳು ಕಳೆಯಿತು. ವರ್ಷ ಕಳೆಯಿತು. ಚಲುವಮ್ಮನ ಮುಖಕ್ಕೆ ರಕ್ತ ಬಂತು. ಎರಡನೆಯ ವರ್ಷ ನಾಟಿಗೆ ಇಳಿದಳು. ಊರಿನವರು ದೇವರ ಮಹಿಮೆ ಎಂದರು. ಮಾದಯ್ಯ ಮಾತ್ರ ಒಂದು ಸಲ, ಎತ್ತಿಗೆ ಹುಲ್ಲು ಹಾಕುತ್ತ, "ಡಾಕ್ಟ್ರಿಗೂ ಒಂದೊಂದ್ಸಲ ತಪ್ಪಾಯ್ತದೆ," ಎಂದ. ಸಂತೋಷದಿಂದ ಅಂದನೋ ಬೇರೆ ಯಾವ ಭಾವದಿಂದಲೋ ಅವಳಿಗೆ ತಿಳಿಯಲಿಲ್ಲ. ಆಗಲೂ ಹೇಳಬಹುದಿತ್ತು. ಮಲ್ಲಿ ಆಗ ಏಳು ತಿಂಗಳ ಬಸುರಿ.

ಬದುಕಿ ಉಳಿದದ್ದಕ್ಕೆ ಸಂತೋಷ ಪಡಲೂ ಅವಳಿಗೆ ಬಿಡುವಾಗಲಿಲ್ಲ. ಮನೆಯಲ್ಲಿ ಜಗಳವಿರಲಿಲ್ಲ, ಅದು ನಿಜ. ಮಲ್ಲಿ ಎಂದಿನಂತೆ ಅಕ್ಕಾ ಎಂದೇ ಕರೆಯುತ್ತಿದ್ದಳು. ಆದರೆ ಅವಳು ಉಪ್ಪಿನ ಮಡಕೆ ಎತ್ತಿಡುವಾಗ ಒಂದು ಗಳಿಗೆ ನಿಂತು ಅಕ್ಕನ ಕಡೆ ನೋಡುವುದನ್ನು ಚಲುವಮ್ಮ ಒಂದು ದಿನ ಕಂಡಳು. ಅತ್ತೆಯೂ ಅದನ್ನು ಕಂಡಿದ್ದಳು. ಅವಳು ಎದ್ದು ಹಿತ್ತಲಿಗೆ ಹೋದಳು. ಸಕ್ಕರೆ ಕಾರ್ಖಾನೆಯಿಂದ ಕಬ್ಬು ಕಡಿಯಲು ಬರುತ್ತಿದ್ದ ಚೀಟಿಗಳನ್ನು ಓದಿಸಿಕೊಳ್ಳಲು ಬೀದಿಯವರು ಮೊದಮೊದಲು ಮಲ್ಲಿಯ ಹತ್ತಿರ ಬರುತ್ತಿದ್ದರು. ಕಂಕುಳಲ್ಲಿ ಮಗು, ಒಂದು ಕೈಯಲ್ಲಿ ಚೀಟಿ; ಯಾವ ತಾರೀಖು, ಎಷ್ಟು ಗಾಡಿ ಎಂದು ಅವಳು ಓದಿ ಹೇಳುತ್ತಿದ್ದಳು. ಬರಬರುತ್ತ, "ಶಾನುಭೋಗರ ಮನೇಲಿ ಕೇಳಿ," ಅನ್ನತೊಡಗಿದಳು. ಆಮೇಲೆ ಯಾರೂ ಬರಲಿಲ್ಲ. ಸೋಮಿಗೆ ಮಾತ್ರ ಅವಳೇ ಅಕ್ಷರ ತಿದ್ದಿಸಿದಳು. ಸೋಮಿ ತಪ್ಪು ಬರೆದಾಗ ಅವಳಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು.

ಹೀಗೆ ಆರು ವರ್ಷ ಕಳೆದು, ನಲವತ್ತೇಳನೇ ಇಸವಿಯ ಮಾಘಮಾಸದಲ್ಲಿ, ಅಪ್ಪನಿಗೆ ಕಣ್ಣು ಮಂಜಾಗಿದೆ ಎಂದು ತಿಳಿದು ಅಕ್ಕತಂಗಿ ಇಬ್ಬರೂ ಮದ್ದೂರಿಗೆ ಹೊರಟರು. ಮಲ್ಲಿಯ ಮಗನೂ ಸೋಮಿಯೂ ಅಜ್ಜಿಯ ಹತ್ತಿರ ಉಳಿದರು. ಎಂಟು ತಿಂಗಳ ಹೆಣ್ಣುಕೂಸು ಮಾತ್ರ ಮಲ್ಲಿಯ ಜೊತೆಗೆ ಬಂತು.

ಮದ್ದೂರಿನಲ್ಲಿ ಇಳಿದು ಸ್ಟೇಷನ್ನಿನ ಬಾಗಿಲು ದಾಟುವಾಗ ಯಾರೋ, "ಮಲ್ಲೀ," ಎಂದು ಕೂಗಿದರು. ಕರಿಯ ಬುರ್ಕಾದ ಮುಸುಕನ್ನು ತಲೆಯ ಮೇಲಕ್ಕೆ ಹಾಕಿಕೊಂಡ ಹೆಂಗಸು, ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮಕ್ಕಳ ಪುಸ್ತಕದ ಕಟ್ಟು. ಪೇಟೆಯಲ್ಲಿ ಬೀಗ ರಿಪೇರಿ ಮಾಡುವ ಜಹಾಂಗೀರ್ ಸಾಬರ ಮಗಳು ಶರೀಫುನ್ನೀಸಾ. ಶಾಲೆಯಲ್ಲಿ ಮಲ್ಲಿಯ ಪಕ್ಕದಲ್ಲೇ ಕೂರುತ್ತಿದ್ದವಳು. ಈಗ ಅದೇ ಶಾಲೆಯಲ್ಲಿ ಟೀಚರ್.

"ಎಷ್ಟು ಬಡವಾಗಿದೀಯ ನೀನು. ನಿನ್ನ ಮಗೂನಾ? ಕೊಡಿಲ್ಲಿ." ಕೂಸನ್ನು ಎತ್ತಿಕೊಂಡು ಶರೀಫುನ್ನೀಸಾ ಚಲುವಮ್ಮನಿಗೆ ಹೇಳಿದಳು, "ಅಕ್ಕ, ನಿಮಗೆ ಗೊತ್ತಾ, ನನಗೆ ಈ ಕೆಲಸ ಸಿಕ್ಕಿದ್ದು ಇವಳಿಂದ. ನಮ್ಮ ಶಾಲೆಯಿಂದ ಟ್ರೈನಿಂಗಿಗೆ ಒಬ್ಬಳನ್ನ ತಗೋತಿದ್ರು. ಮಿಸ್ಸು ಕೊನೇ ದಿನದವರೆಗೂ ಮಲ್ಲಿ ಬರ್ತಾಳೇನೋ ಅಂತ ಕಾದ್ರು. ಮದುವೆ ಆಯ್ತು ಅಂತ ಗೊತ್ತಾದ್ಮೇಲೆ ಇವಳ ಹೆಸರು ಹೊಡೆದು ನನ್ನ ಹೆಸರು ಬರೆದ್ರು. ಲೆಕ್ಕದಲ್ಲಿ ನಾನು ಇವಳ ಹತ್ತಿರಕ್ಕೂ ಬರ್ತಿರಲಿಲ್ಲ. ಈಗಲೂ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುವಾಗ ಇವಳು ನಂಗೆ ಹೇಳಿಕೊಟ್ಟಿದ್ದನ್ನೇ ಹೇಳ್ತೀನಿ."

ಮಲ್ಲಿ ನಗುತ್ತಿದ್ದಳು. ಶಾಲೆಯ ಗಂಟೆಯಾಗುತ್ತೆ ಎಂದು ಶರೀಫುನ್ನೀಸಾ ಕೂಸನ್ನು ಕೊಟ್ಟು ಬಿರಬಿರನೆ ಹೋದಳು. ಮಲ್ಲಿ ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು, "ನಡಿ ಅಕ್ಕ," ಎಂದಳು.

ಶಿಂಷೆಯ ಕಡೆಯ ದಾರಿಯಲ್ಲಿ ಬಿಸಿಲು ಏರಿತ್ತು. ಸೇತುವೆಗಿಂತ ಸ್ವಲ್ಪ ಈಚೆ ಹುಣಸೆಮರದ ನೆರಳಿನಲ್ಲಿ ಕೂಸಿಗೆ ಹಾಲು ಕೊಡಲು ಮಲ್ಲಿ ಕೂತಳು. ಚಲುವಮ್ಮ ನಿಂತೇ ಇದ್ದಳು. ಹೊಳೆಯಲ್ಲಿ ನೀರು ಕಡಿಮೆಯಿತ್ತು. ಕಲ್ಲುಗಳ ನಡುವೆ ಅಗಸರು ಬಟ್ಟೆ ಸೆಣೆಯುತ್ತಿದ್ದರು.

"ಮಲ್ಲಿ, ನಾನು ನಿಂಗೆ ಸುಳ್ಳೇಳಿದ್ದೆ."

ಮಲ್ಲಿ ತಲೆಯೆತ್ತಲಿಲ್ಲ. "ಏನು?"

"ಡಾಕ್ಟರಮ್ಮ ಆರು ತಿಂಗಳು ಅಂದುದ್ದು ಹಂಗೇ ಬುಟ್ರೆ ಅಂತ. ಕುಯ್ದು ತೆಗುದ್ರೆ ಉಳೀಬೋದು ಅಂದಿದ್ರು. ನೀನು ಕೇಳ್ದೆ. ನಾನು ಊಂ ಅಂದೆ." ಒಮ್ಮೆ ಬಾಯಿಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ಸೋದರತ್ತೆ ಸತ್ತಂಗೆ ನಾನೂ ಸಾಯ್ತೀನಿ ಅಂತ್ಲೇ ಅನ್ಕಂಡಿದ್ದೆ ಕಣಮ್ಮಿ. ದೇವ್ರಾಣೆ. ಆದ್ರೂ ಅವ್ರು ಅಂದುದ್ದನ್ನ ನಾನು ಏಳ್ಬೇಕಾಗಿತ್ತು. ಏಳಿದ್ರೆ ನೀನು ಬತ್ತಿರ್ಲಿಲ್ಲ. ಅದು ಗೊತ್ತಿದ್ದೇ ಏಳ್ನಿಲ್ಲ."

ಕೂಸು ಕುಡಿದು ಮುಗಿಸಿತು. ಮಲ್ಲಿ ಅದರ ಬಾಯೊರೆಸಿ, ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದಳು. ಆಮೇಲೆ ಹೊಳೆಯ ಕಡೆ ನೋಡುತ್ತ ಹೇಳಿದಳು.

"ಆಸ್ಪತ್ರೇಲಿ ನೀನು ದಿನಾ ನನ್ನ ಆಚೆ ಕಳಿಸ್ತಿದ್ದಲ್ಲ, ಆಗ ವರಾಂಡದ ಕೊನೇಲಿ ಒಂದು ಕಿಟಕಿ ಅದೆ, ಅಲ್ಲಿ ನಿಂತ್ಕತಿದ್ದೆ. ಅಲ್ಲಿಂದ ಬೆಟ್ಟ ಕಾಣ್ತದೆ. ದಿನಾ ಬೆಟ್ಟದವ್ವಂಗೆ ಕೈ ಮುಗೀತಿದ್ದೆ. ನನ್ನ ಓದು ತಕ್ಕೊ, ನಮ್ಮಕ್ಕನ್ನ ಬುಡು ಅಂತ. ನೀನು ಉಳ್ಕಂಡೆ. ಡಾಕ್ಟ್ರು ಸಾಯ್ತಾಳೆ ಅಂದೋಳು ಉಳ್ಕಂಡ್ಲು. ನಾನು ಕೊಟ್ಟುದ್ದು ಅವ್ವಂಗೆ ಮುಟ್ತು ಅನ್ಕಂಡೆ. ಈ ಆರು ವರ್ಸ ಎಂಥಾ ದಿನ ಬಂದ್ರೂ ಅದೊಂದು ಇತ್ತು ನಂಗೆ. ಸೋಮಿ ಸ್ಲೇಟು ನೋಡಿ ಹೊಟ್ಟೆ ಉರುದ್ರೂ, ಹೋಗ್ಲಿ, ಅಕ್ಕ ಉಳ್ಕಂಡವ್ಳಲ್ಲ ಅಂತಿದ್ದೆ."

ಚಲುವಮ್ಮ ಅಳುತ್ತಿದ್ದಳು. ಮಲ್ಲಿ ಅಳಲಿಲ್ಲ.

"ಈಗ ಅದು ಯಾರಿಗೆ ಮುಟ್ತು ಏಳಕ್ಕ."

"ತಪ್ಪಾಯ್ತು ಕಣಮ್ಮಿ."

"ಏಳ್ಬಾರ್ದಾಗಿತ್ತು ನೀನು. ಅವತ್ತು ಏಳ್ನಿಲ್ಲ. ಇವತ್ತಾದ್ರೂ ಸುಮ್ಕಿರ್ಬೋದಾಗಿತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ನಡೆದು ದಣಿದವರ ದನಿಯಿತ್ತು. ಎದ್ದು, ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು, ಅಪ್ಪನ ಮನೆಯ ಕಡೆ ನಡೆದಳು.

ಆ ದಿನವೆಲ್ಲ ಮಲ್ಲಿ ಎಂದಿನ ಹಾಗೇ ಇದ್ದಳು. ಅಪ್ಪನ ಕಣ್ಣಿಗೆ ಬಟ್ಟೆ ಅದ್ದಿ ಒರೆಸಿದಳು, ಮುದ್ದೆ ಮಾಡಿದಳು, ಅಕ್ಕನಿಗೂ ಬಡಿಸಿದಳು. ಕಣ್ಣು ಮಂಜಾದ ಚಿಕ್ಕಣ್ಣನಿಗೆ ಯಾವುದೂ ಕಾಣಲಿಲ್ಲ. ಇಬ್ಬರು ಹೆಣ್ಣುಮಕ್ಕಳೂ ಒಟ್ಟಿಗೆ ಬಂದದ್ದು ಎಷ್ಟು ಚೆನ್ನ ಎಂದು ಎರಡು ಸಲ ಅಂದ.

ಬೆಳಿಗ್ಗೆ ಚಲುವಮ್ಮ ಎಲ್ಲರಿಗಿಂತ ಮೊದಲೆದ್ದು ಬಾಗಿಲ ಹೊರಗೆ ಜಗಲಿಯ ಮೇಲೆ ಬಾಚಣಿಗೆ ಹಿಡಿದು ಕೂತಳು. ಎದೆ ತೆಗೆದ ಮೇಲೆ ಅವಳ ಎಡಗೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಆರು ವರ್ಷದಿಂದ ದಿನಾ ಅವಳ ತಲೆ ಬಾಚುತ್ತಿದ್ದವಳು ಮಲ್ಲಿ. ಇವತ್ತು ಅವಳನ್ನು ಕರೆಯಲು ಬಾಯಿ ಬರಲಿಲ್ಲ. ಬಲಗೈ ಒಂದರಲ್ಲೇ ಕೂದಲನ್ನು ಮುಂದಕ್ಕೆ ತಂದು, ಮೊಣಕಾಲುಗಳ ನಡುವೆ ತುದಿ ಹಿಡಿದು ಸಿಕ್ಕು ಬಿಡಿಸಲು ನೋಡಿದಳು. 

ಹಿಂದೆ ಬಳೆಯ ಸದ್ದಾಯಿತು. ಮಲ್ಲಿ ಬಂದು ಹಿಂದೆ ಕೂತಳು. ಅಕ್ಕನ ಕೈಯಿಂದ ಬಾಚಣಿಗೆ ತೆಗೆದುಕೊಂಡಳು. ನೆತ್ತಿಗೆ ಎಣ್ಣೆಯಿಟ್ಟು ತಟ್ಟಿದಳು, ಸಿಕ್ಕು ಬಿಡಿಸಿದಳು, ಬೈತಲೆ ತೆಗೆದಳು. ಮೂರು ಎಳೆ ಮಾಡಿ ಹೆಣೆಯತೊಡಗಿದಳು. ಒಂದೊಂದು ಹೆಣಿಗೆಯನ್ನೂ ಎಳೆದೆಳೆದು, ಎಂದಿಗಿಂತ ಬಿಗಿಯಾಗಿ ಹೆಣೆಯುತ್ತಿದ್ದಳು. ಹಣೆಯ ಚರ್ಮ ಜಗ್ಗಿ ಚಲುವಮ್ಮನ ಕಣ್ಣಲ್ಲಿ ನೀರು ತುಂಬಿತು. ಅವಳು ತಲೆ ಅಲ್ಲಾಡಿಸಲಿಲ್ಲ. ತಂಗಿಗೆ ಅನುಕೂಲವಾಗಲೆಂದು ಕತ್ತನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಕೊಟ್ಟಳು.